ಹಣಕಾಸು ಸಚಿವರಿಗೆ: ನನ್ನ ಗಂಡನ ಮಣ್ಣಿನ ದಿನದ ಕಾಫಿಯ ಬಗ್ಗೆ

ಮಾನ್ಯ ಹಣಕಾಸು ಸಚಿವರೇ,

ತಾವು ಕಳೆದ ಶರತ್ಕಾಲದಲ್ಲಿ ಟಿವಿಗೆ ದಯಮಾಡಿಸಿ, ಜನರು "ಕಾಫಿಯಂಥ ಸಣ್ಣಪುಟ್ಟ ಸುಖಗಳಲ್ಲಿ" ಸ್ವಲ್ಪ ಕೈ ಬಿಗಿ ಹಿಡಿದರೆ ದೇಶ ದಡ ಸೇರುತ್ತದೆ ಎಂದು ಅಪ್ಪಣೆ ಕೊಡಿಸಿದಿರಿ. ನಾನು ಕೈ ಬಿಗಿ ಹಿಡಿದೆ. ಅದರ ಫಲವನ್ನು ತಮಗೆ ಒಪ್ಪಿಸುವುದು ನನ್ನ ಕರ್ತವ್ಯ: ಫೆಬ್ರವರಿಯಲ್ಲಿ ನನ್ನ ಗಂಡ ತೈಸ್ತೊ ತಾಸ್ಕಿನೆನ್‌ನ ಮಣ್ಣಿಗೆ, ಪಾದ್ರಿಯನ್ನೂ ಸೇರಿಸಿಕೊಂಡು, ಐದು ಜನ ಬಂದರು. ಈಸಲ್ಮಿ ಊರಿನಲ್ಲಿ ಅವನನ್ನು ಮಾತಾಡಿಸದೆ ಮುಂದೆ ಹೋದವರೇ ಇರಲಿಲ್ಲ. ದೇಶ ದಡ ಸೇರಿತೇ? ದಯವಿಟ್ಟು ತಿಳಿಸಬೇಕು.

ಕಾಫಿ ಏಕೆ ದುಬಾರಿಯಾಯಿತು ಎಂಬ ತಮ್ಮ ಪಾಠ ನನಗೆ ಬಾಯಿಪಾಠವಾಗಿದೆ. ಬ್ರೆಜಿಲ್‌ನಲ್ಲಿ ಮಳೆ ಕೈಕೊಟ್ಟಿತು, ಹಡಗಿನ ಬಾಡಿಗೆ ಏರಿತು, ಜಗತ್ತಿನ ಮಾರುಕಟ್ಟೆ ತಮ್ಮ ಮಾತು ಕೇಳುವುದಿಲ್ಲ. ಎಲ್ಲವನ್ನೂ ಒಪ್ಪಿದೆ. ಬ್ರೆಜಿಲ್‌ನಲ್ಲಿ ಮಳೆ ತರಿಸಿ ಎಂದು ನಾವು ಯಾರೂ ಅರ್ಜಿ ಹಾಕಲಿಲ್ಲ. ಆದರೆ ಸ್ವಾಮಿ, ತೆರಿಗೆ ಬ್ರೆಜಿಲ್‌ನಲ್ಲಿ ಬೆಳೆಯುವುದಿಲ್ಲವಲ್ಲ? ಅದು ಹೆಲ್ಸಿಂಕಿಯಲ್ಲಿ, ತಮ್ಮ ಮೇಜಿನ ಮೇಲೆಯೇ ಮೊಳಕೆಯೊಡೆಯುತ್ತದೆ. ಬಾಡಿಗೆ ಭತ್ಯೆ ಕತ್ತರಿಸಿದ ಕತ್ತರಿಯೂ ಬ್ರೆಜಿಲ್‌ನದಲ್ಲ. ಔಷಧಿ ಅಂಗಡಿಯಲ್ಲಿ ನಾವು ಕೈಯಿಂದ ಕೊಡಬೇಕಾದ ಪಾಲು ಹೆಚ್ಚಿದ್ದು ಯಾವ ತೋಟದ ಬರಗಾಲದಿಂದ? ಬೆಲೆ ಏರಿದಾಗ ಅದು ಪ್ರಕೃತಿಯ ವಿಕೋಪ, ಬೆಲೆ ಇಳಿದರೆ ಅದು ಸರ್ಕಾರದ ಸಾಧನೆ. ಇಂಥ ಸುಖದ ಉದ್ಯೋಗ ನನಗೆ ಜನ್ಮದಲ್ಲಿ ಸಿಗಲಿಲ್ಲ. ನಾನು ಶಾಲೆಯ ಅಡುಗೆಮನೆಯಲ್ಲಿ ಜೀವ ಸವೆಸಿದವಳು. ಸಾರು ಸೀದುಹೋದರೆ ಅಲ್ಲಿ ಬೈಸಿಕೊಳ್ಳುತ್ತಿದ್ದವಳು ನಾನು, ಹವಾಮಾನವಲ್ಲ.

ಅದೇ ಭಾಷಣದಲ್ಲಿ ತಾವು ಇನ್ನೊಂದು ಮಾತು ಬಳಸಿದಿರಿ. "ಇದು ಇಡೀ ದೇಶದ ಮುಯ್ಯಾಳು, ಎಲ್ಲರೂ ಕೈ ಹಾಕಬೇಕು" ಎಂದಿರಿ. ತಮ್ಮ ಜೀವಮಾನದಲ್ಲಿ ಒಮ್ಮೆಯಾದರೂ ಮುಯ್ಯಾಳಿಗೆ ಹೋಗಿದ್ದೀರಾ? ಸೌದೆ ಒಡೆಯಲೋ ದೋಣಿ ದಡಕ್ಕೆ ಎಳೆಯಲೋ ನೆರೆಹೊರೆಯವರನ್ನು ಕರೆದರೆ, ಕರೆದವರು ಕಾಫಿ ಕೊಡಬೇಕು. ಪೂರ್ತಿ ಹಂಡೆ ಕಾಫಿ, ಜೊತೆಗೆ ಏಲಕ್ಕಿ ಬನ್ನು. ಕೊಡದಿದ್ದವರ ಮನೆಗೆ ಮುಂದಿನ ವರ್ಷ ನಾಯಿಯೂ ಹೋಗುವುದಿಲ್ಲ. ಇಡೀ ದೇಶವನ್ನು ದುಡಿಯಲು ಕರೆದು, ಬಂದವರ ಕೈಯಿಂದಲೇ ಲೋಟ ಕಿತ್ತುಕೊಂಡ ಮೊದಲ ಯಜಮಾನರು ತಾವು.

ಸುಖದ ವಿಷಯ ಎತ್ತಿದಿರಲ್ಲ, ನಮ್ಮ ಸುಖ ಹೇಗಿತ್ತು ಕೇಳಿ. ಅಂಗಡಿಯಲ್ಲಿ ಕಾಫಿಗೆ ರಿಯಾಯಿತಿ ಬಿಟ್ಟಾಗ "ಒಂದು ಮನೆಗೆ ಎರಡೇ ಪ್ಯಾಕೆಟ್" ಎಂದು ಬೋರ್ಡು ಹಾಕುತ್ತಾರೆ. ನಾನು, ತೈಸ್ತೊ ಒಂದೇ ಬಸ್ಸಿನಲ್ಲಿ ಹೋಗಿ, ಬಾಗಿಲಲ್ಲೇ ಬೇರೆಯಾಗಿ, ಪರಸ್ಪರ ಗುರುತಿಲ್ಲದವರ ಹಾಗೆ ಸಾಲಿನಲ್ಲಿ ನಿಲ್ಲುತ್ತಿದ್ದೆವು. ಸುಮ್ಮನಿರು ಎಂದು ಅವನಿಗೆ ಬಸ್ಸಿನಲ್ಲೇ ಆಣೆ ಹಾಕಿಸಿರುತ್ತಿದ್ದೆ. ಆದರೆ ಆ ಮನುಷ್ಯನ ಬಾಯಿ ಸುಮ್ಮನಿರಬೇಕಲ್ಲ!

"ಏನ್ ಅಮ್ಮಾವ್ರೇ, ಎರಡೇ ತಗೊಂಡ್ರಾ? ಯಜಮಾನ್ರು ಮನೇಲಿ ಕಾಫಿ ಜಾಸ್ತಿ ಕುಡಿಯಲ್ವಾ?" ಎಂದು ಹಿಂದಿನಿಂದ ಕೇಳುತ್ತಿದ್ದ.

"ಕುಡೀತಾನೆ. ಕೆಲಸಕ್ಕೆ ಬಾರದೋನು, ಅದೊಂದನ್ನ ಚೆನ್ನಾಗಿ ಮಾಡ್ತಾನೆ," ಎಂದು ನಾನು ತಿರುಗಿ ನೋಡದೆ ಹೇಳುತ್ತಿದ್ದೆ.

ಬಿಲ್ ಹಾಕುವ ಹುಡುಗಿ ನಮ್ಮ ಮನೆಯ ಮೇಲಿನ ಮಹಡಿಯವಳು. ಅವಳು ನಮ್ಮಿಬ್ಬರಿಗೂ ಬೇರೆ ಬೇರೆಯಾಗಿ ನಮಸ್ಕಾರ ಹೇಳಿ ನಾಲ್ಕು ಪ್ಯಾಕೆಟ್ ಬಿಡುತ್ತಿದ್ದಳು. ಅರವತ್ತು ದಾಟಿದ ಮೇಲೆ ಕಾಫಿಪುಡಿಗಾಗಿ ಗಂಡ ಹೆಂಡತಿ ಅಪರಿಚಿತರಾಗಬೇಕಾದ ದೇಶದ ಹಣಕಾಸು ತಮ್ಮ ಕೈಯಲ್ಲಿದೆ. ಅಭಿನಂದನೆಗಳು.

ಜನವರಿಯ ಕೊನೆಯಲ್ಲಿ ತೈಸ್ತೊ ಹಿಮ ಗೋರುತ್ತಿದ್ದಾಗ ಹೃದಯ ನಿಂತು ಹೋದ. ಶವಪೆಟ್ಟಿಗೆ, ಸಮಾಧಿ, ಗಾಡಿ, ಇಷ್ಟರಲ್ಲೇ ನಾವಿಬ್ಬರೂ ಕೂಡಿಟ್ಟದ್ದು ತಳ ಕಂಡಿತು. ಇನ್ನುಳಿದದ್ದು ಕಾಫಿ. ಇಲ್ಲಿ ಮಣ್ಣಿಗೆ ಬಂದವರನ್ನು ಕಾಫಿ ಕೊಡದೆ ಕಳಿಸಿದವರಿಲ್ಲ. ಚರ್ಚಿನ ಸಭಾಂಗಣದಲ್ಲಿ ಕೂರಿಸಿ, ಸ್ಯಾಂಡ್‌ವಿಚ್ ಕೇಕು ಹಂಚಿ, ಎರಡನೆಯ ಲೋಟವನ್ನೂ ತುಂಬಿ, ಸತ್ತವನ ಬಗ್ಗೆ ಒಳ್ಳೆಯದೋ ತಮಾಷೆಯದೋ ನಾಲ್ಕು ಮಾತಾಡಿಸಿ ಕಳಿಸಬೇಕು. ಅವನ ಗಾಯನ ಮಂಡಳಿಯವರು, ಸಾಮಿಲ್ಲಿನ ಹಳೆಯ ಜೊತೆಗಾರರು, ಮಂಜುಗಡ್ಡೆಯಲ್ಲಿ ತೂತು ಕೊರೆದು ಮೀನು ಹಿಡಿಯುವ ಗೆಳೆಯರು, ಅಷ್ಟು ಜನಕ್ಕೆ ಎಲ್ಲಿಂದ ತರಲಿ? ಮಗಳು ಕಾತ್ರಿ, "ಅಮ್ಮ, ಬ್ಯಾಂಕಲ್ಲಿ ಕೇಳೋಣ್ವಾ?" ಎಂದಳು. ಅವಳ ಮನೆಸಾಲದ ಬಡ್ಡಿಯೇ ಅವಳನ್ನು ಹಿಂಡುತ್ತಿದೆ. ಬೇಡ ಎಂದೆ.

ಇಂಥ ಹೊತ್ತಿಗೆಂದೇ, ಊರಿಗೆ 'ಬರಬೇಡಿ' ಎನ್ನಲು, ನಮ್ಮಲ್ಲಿ ಒಂದು ಮರ್ಯಾದಸ್ತ ವಾಕ್ಯವಿದೆ. ಪತ್ರಿಕೆಯ ಕಚೇರಿಯಲ್ಲಿ ಕೂತ ಹೆಂಗಸು ಮರಣವಾರ್ತೆ ಬರೆದುಕೊಳ್ಳುತ್ತಾ ಮೆಲ್ಲಗೆ ಕೇಳಿದಳು, "'ಹತ್ತಿರದವರ ಸಮ್ಮುಖದಲ್ಲಿ, ಮೌನವಾಗಿ' ಅಂತ ಹಾಕ್ಲಾ? ಈಗ ತುಂಬ ಜನ ಹಾಗೇ ಹಾಕಿಸ್ತಿದಾರೆ."

"ಹಾಕಿ," ಎಂದೆ. ಹುಟ್ಟಿದಾಗಿನಿಂದ ಒಂದು ಗಳಿಗೆ ಬಾಯಿ ಮುಚ್ಚದವನನ್ನು ಮೌನವಾಗಿ ಕಳಿಸಲು ಒಪ್ಪಿ ಬಂದೆ.

ನಮ್ಮ ಜನರ ಗುಣ ತಮಗೂ ಗೊತ್ತಿರಬೇಕು, ತಾವೂ ಇಲ್ಲೇ ಹುಟ್ಟಿದವರು. ಮೌನ ಎಂದು ಅಚ್ಚಾದರೆ ಅದನ್ನು ಕಾನೂನಿಗಿಂತ ಹೆಚ್ಚಾಗಿ ಪಾಲಿಸುತ್ತಾರೆ. ಮನೆಯವರು, ಪಾದ್ರಿ ಬಿಟ್ಟರೆ ಯಾರೂ ಬರಲಿಲ್ಲ. ಒಂದು ಫೋನಿಲ್ಲ. ಗಡಗಡ ನಡುಗುವ ಚಳಿಯಲ್ಲಿ ಪೆಟ್ಟಿಗೆ ಕೆಳಗಿಳಿಯುವಾಗ ಹಗ್ಗದ ಸದ್ದೊಂದೇ ಕೇಳುತ್ತಿತ್ತು. ಇವನನ್ನು ಊರು ಮರೆತೇಬಿಟ್ಟಿತೇ ಎಂದು ಎಲ್ಲರ ಮೇಲೂ ಸಿಟ್ಟು ಮಾಡಿಕೊಂಡೆ.

ಈಸ್ಟರ್ ಹತ್ತಿರ ಬಂದಾಗ ಗಾಯನ ಮಂಡಳಿಯ ಮುಖ್ಯಸ್ಥ ಎನ್ಸಿಯೊ ಗ್ರಂಥಾಲಯದ ಮೆಟ್ಟಿಲ ಮೇಲೆ ಅಡ್ಡ ನಿಂತ. ಟೋಪಿ ತೆಗೆದು ಕೈಯಲ್ಲಿ ಹಿಡಿದುಕೊಂಡಿದ್ದ.

"ಹಿಲ್ಕಾ, ಬೇಜಾರು ಮಾಡ್ಕೋಬೇಡ, ಒಂದು ಮಾತು. ನಮ್ಮಿಂದ ಏನಾದ್ರೂ ತಪ್ಪಾಗಿತ್ತಾ?"

"ಬರದೇ ಇದ್ದೋರು ನೀವು. ನನ್ನ ಕೇಳ್ತೀಯಾ?"

"ನೀನು ಮೌನ ಅಂತ ಹಾಕ್ಸಿದ್ದೆ! ಹಾಡು ಕಲ್ತು, ಕೋಟು ಇಸ್ತ್ರಿ ಮಾಡ್ಕೊಂಡು ಕೂತಿದ್ವಿ ಕಣೇ, ಅಷ್ಟೂ ಜನ. ಮನೆಯವರ ಇಷ್ಟ ಅಂತ ಸುಮ್ನಾದ್ವಿ."

"ಒಂದು ಫೋನಾದ್ರೂ ಮಾಡ್ಬಾರ್ದಿತ್ತಾ?"

"ಮೌನ ಅಂದ್ಮೇಲೆ ಫೋನ್ ಹೇಗೆ ಮಾಡೋದು?"

ಅಲ್ಲಿಗೆ ನನ್ನ ಬಿಗುಮಾನ ಮುಗಿಯಿತು. "ಕಾಫಿಗೆ ದುಡ್ಡಿರ್ಲಿಲ್ಲ ಕಣೋ," ಎಂದೆ.

ಅವನ ಮುಖ ಕಿವಿಯವರೆಗೂ ಕೆಂಪಾಯಿತು. "ಥೂ! ಒಬ್ಬೊಬ್ರು ಒಂದೊಂದು ಪ್ಯಾಕೆಟ್ ತಂದು ಹಾಕ್ತಿದ್ವಲ್ಲೇ!"

"ಅದನ್ನ ನಾನು ಬಾಯಿಬಿಟ್ಟು ಕೇಳ್ಬೇಕಿತ್ತಾ?"

"ಕೇಳ್ದೆ ನಮಗೆ ಹೇಗೆ ಗೊತ್ತಾಗ್ಬೇಕು?"

ನಾವು ಕೇಳುವ ಜನವಲ್ಲ, ಅವರು ವಿಚಾರಿಸುವ ಜನವಲ್ಲ. ಇಬ್ಬರೂ ಮೆಟ್ಟಿಲ ಮೇಲೆ ನಿಂತು ಅತ್ತೆವು. ಬೇಸಿಗೆಯಲ್ಲಿ ಸಮಾಧಿಯ ಬಳಿ ಬಂದು ಹಾಡುತ್ತೇವೆ ಎಂದ. ಹಾಡಲಿ, ಅವರು ಒಳ್ಳೆಯವರು. ಆದರೆ ಪೆಟ್ಟಿಗೆ ಇಳಿಯುವಾಗ ಹಾಡುವುದು ಬೇರೆ, ಹುಲ್ಲು ಬೆಳೆದ ಮೇಲೆ ಹಾಡುವುದು ಬೇರೆ. ಆ ದಿನವನ್ನು ತೈಸ್ತೊನಿಗೆ ಯಾವ ಬಜೆಟ್ಟಿನಲ್ಲಿ ಮರಳಿಸುತ್ತೀರಿ?

ಅಂದಿನಿಂದ ನಾನು ಮರಣವಾರ್ತೆಗಳನ್ನು ಬೇರೆ ಕಣ್ಣಿನಿಂದ ಓದುತ್ತಿದ್ದೇನೆ. ಮೌನವಾಗಿ, ಮೌನವಾಗಿ, ಮೌನವಾಗಿ. ಕೆಲವರಿಗೆ ನಿಜಕ್ಕೂ ಅದೇ ಬೇಕಿರಬಹುದು. ಆದರೆ ಇಡೀ ಊರು ಇದ್ದಕ್ಕಿದ್ದಂತೆ ಮೌನವ್ರತ ಹಿಡಿಯಿತೇ? ತಮ್ಮ ಅಂಕಿಅಂಶ ವಿಭಾಗದವರು ಬೆಲೆಯೇರಿಕೆಯನ್ನು ಹುಡುಕುತ್ತಾ ಅಂಗಡಿ ಸುತ್ತುವುದನ್ನು ಬಿಟ್ಟು ಆ ಪುಟ ತೆರೆಯಲಿ.

ನನ್ನ ಬೇಡಿಕೆ ಇಷ್ಟೇ. ಕಾಫಿಯ ಮೇಲೆ, ಅನ್ನದ ತಟ್ಟೆಯ ಮೇಲೆ ಏರಿಸಿದ ತೆರಿಗೆಯನ್ನು ಇಳಿಸಿ. ಕತ್ತರಿಸಿದ ಭತ್ಯೆಯನ್ನು ಮರಳಿ ಕೊಡಿ. "ಸಣ್ಣಪುಟ್ಟ ಸುಖ" ಎಂದದ್ದನ್ನು ಅದೇ ಟಿವಿಯಲ್ಲಿ, ಅದೇ ಕೋಟು ಹಾಕಿಕೊಂಡು ಹಿಂತೆಗೆದುಕೊಳ್ಳಿ. ಸಂತಾಪ ಸೂಚಕ ಪತ್ರ ಕಳಿಸಬೇಡಿ, ಅದರ ಅಂಚೆವೆಚ್ಚವೂ ನಮ್ಮದೇ.

ನನಗೂ ವಯಸ್ಸಾಯಿತು. ಕಾತ್ರಿಗೆ ಹೇಳಿಟ್ಟಿದ್ದೇನೆ: ನಾನು ಹೋದಾಗ ಪತ್ರಿಕೆಯಲ್ಲಿ ಮರ್ಯಾದೆಯ ಸುಳ್ಳು ಬೇಡ. ಅಷ್ಟು ಹೊತ್ತಿಗೂ ತಾವು ಹೀಗೇ ಕೂತಿದ್ದರೆ, ನನ್ನ ಹೆಸರಿನ ಕೆಳಗೆ ದಪ್ಪ ಅಕ್ಷರದಲ್ಲಿ ಅಚ್ಚಾಗಲಿ: "ಕಾಫಿಗೆ ದುಡ್ಡಿಲ್ಲ. ಆದರೂ ಬನ್ನಿ."

ಇಂತಿ,
ಈಗಲೂ ಬೆಳಗ್ಗೆ ಮರೆತು ಇಬ್ಬರಿಗೆ ಕಾಫಿ ಕಾಸುವ ದುಂದುಗಾರ್ತಿ,
ಹಿಲ್ಕಾ ತಾಸ್ಕಿನೆನ್
ಈಸಲ್ಮಿ