ಬಲ್ಬು ಬರುವ ತನಕ

ಜನವರಿ 9, ಬೆಳಿಗ್ಗೆ

ಬಿಸಿನೀರಿಗೆ ಉಪ್ಪು ಹಾಕಿ ಎಡಗೈ ಅದ್ದಿ ಕೂತದ್ದಾಯಿತು. ರಬ್ಬರ್ ಚೆಂಡು ಹಿಚುಕಿದ್ದಾಯಿತು. ಆಮೇಲೆ ದಿನದಂತೆ ಕಟ್ಟೆಯ ಮೇಲೆ ಅಂಗೈ ಊರಿ ನೋಡಿದೆ. ತೋರುಬೆರಳು ಪೂರ್ತಿ ಹಾಸಿತು. ಮಧ್ಯದ ಬೆರಳು ಗೂನುಬೆನ್ನಿನ ಮುದುಕ, ಏಳುವುದೂ ಇಲ್ಲ, ಮಲಗುವುದೂ ಇಲ್ಲ. ಉಳಿದ ಎರಡು ಬೆರಳು ಮೋಟೆಬೆನ್ನೂರಿನಲ್ಲಿ ಮಾವನ ಗೋವಿನಜೋಳದ ರಾಶಿ ಮಷಿನ್ನಿಗೆ ಹೋದವು. ದೀಪಾವಳಿ ಆದಮೇಲೆ. ತಿರುಗಿ ಸುದ್ದಿ ಇಲ್ಲ.

ಹಾವೇರಿಯ ಡಾಕ್ಟರು ಅಂದಿದ್ದರು: "ತೋರುಬೆರಳಿನ ನರಾನೂ ಹೊಲದೇನಿ. ಗಾಯ ಮಾಯ್ದಂಗ ಒಳಗಿಂದ ಎಳೀತೈತಿ. ಮಡಚಿದ್ರೂ ಮಡಚಬಹುದು. ನೋಡೂಣು."

ನೋಡೋಣ ಅನ್ನುವುದರಲ್ಲಿ ಡಾಕ್ಟರೂ ಕನ್ಯೆ ನೋಡಲು ಬಂದವರೂ ಒಂದೇ.

ಗುಡದಪ್ಪಣ್ಣನ ಆರ್ಕೆಸ್ಟ್ರಾದಲ್ಲಿ ನನ್ನ ಗಿಟಾರಿನ ಜಾಗ ಇನ್ನೂ ಖಾಲಿ ಇದೆ. ಎಷ್ಟು ದಿನ ಇದ್ದೀತು... ಗೆಳೆಯ ಮುಸ್ತಾಕ್ ಒಂದು ದಾರಿ ಹೇಳಿದ್ದಾನೆ. ಗಿಟಾರಿನ ದಪ್ಪ ತಂತಿಯನ್ನು ಒಂದು ಸ್ವರ ಇಳಿಸುವುದು. ಆಗ ಒಂದೇ ಬೆರಳು ಅಡ್ಡ ಹಾಸಿದರೆ ಮೂರು ತಂತಿ ಕೂಡಿ ನುಡಿಯುತ್ತವೆ. ಬರೀ ಹಾಗೆ ಸಪ್ಪೆ. ಸದ್ದು ಒರಟಾಗಿಸುವ ಡಿಸ್ಟಾರ್ಷನ್ ಪೆಡಲ್ ತುಳಿದು, ಸದ್ದು ಹಿಗ್ಗಿಸುವ ಟ್ಯೂಬ್ ಆಂಪಿನ ಪೆಟ್ಟಿಗೆಗೆ ಬಿಟ್ಟರೆ ಮೈ ತುಂಬಿಕೊಳ್ಳುತ್ತದೆ ಅಂತಾನೆ.

ಬೈಕು ಮಾರಾಟಕ್ಕೆ ಹೋಯಿತು. ಆಂಪು ಬರುತ್ತದೆ.

ಜನವರಿ 12, ಸಂಜೆ

ಬಂತು. ಆಟೋದಲ್ಲಿ ಪೆಟ್ಟಿಗೆ, ಪೆಟ್ಟಿಗೆಯ ಮೇಲೆ ಮುಸ್ತಾಕ್. ಸ್ಟೇಷನ್ ರೋಡಿನ ತನ್ನ ಮೈಕ್‌ಸೆಟ್ ಅಂಗಡಿ ಮುಚ್ಚಿಯೇ ಬಂದಿದ್ದ.

"ಹಿಡೀಲೇ ಮೈಲಾರಿ, ಕೈ ಹಚ್ಚು... ಅಲ್ಲಲ್ಲ, ನೀ ಹಚ್ಚಬ್ಯಾಡ. ನಿಂದು ಇರೂದ ಒಂದು ಬೆರಳು."

ಅವನು ಹೀಗೆ ಅಂದರೆ ನಗು ಬರುತ್ತದೆ. ಬೇರೆಯವರು ಸುಮ್ಮನಿದ್ದರೂ ಸಿಟ್ಟು ಬರುತ್ತದೆ.

ನೆತ್ತಿಯ ಮೇಲೆ ಜಾಲರಿ, ಅದರ ಕೆಳಗೆ ಗಾಜಿನ ವಾಲ್ವುಗಳು. ಸ್ವಿಚ್ ಹಾಕಿದೊಡನೆ ನುಡಿಯುವುದಿಲ್ಲ. ವಾಲ್ವು ಕಾದು ಒಳಗೆ ಸಣ್ಣ ಬತ್ತಿ ಹತ್ತಿದಂತೆ ಕೆಂಪಾಗಬೇಕು. ಆಮೇಲೆ ಎರಡನೆಯ ಸ್ವಿಚ್. ನಾವಿಬ್ಬರೂ ಬಗ್ಗಿ ಕಾಯುತ್ತ ಕೂತಿದ್ದನ್ನು ಹೆಂಡತಿ ಸುಚಿತ್ರಾ ನೋಡಿದಳು.

"ಇದೇನ್ರಿ, ಒಲಿ ಹೊತ್ತಿಸಿ ಕುಂತಂಗ ಕುಂತೀರಿ? ಚಾ ಇಡ್ಲೇನು ಅದರ ಮ್ಯಾಲ?"

ತೋರುಬೆರಳು ಅಡ್ಡ ಹಾಸಿ ಬಾರಿಸಿದೆ. ಸಪ್ಪೆ. ಪೆಡಲ್ ತುಳಿದೆ—

ಕಪಾಟಿನ ತಾಟುಗಳು ಮಾತಾಡಿದವು. ಕೆರೆಯಿಂದ ಎಮ್ಮೆ ಏಳುವಾಗ ಮೈಯಿಂದ ನೀರು ಸುರಿಯುತ್ತದಲ್ಲ, ಹಾಗೆ ಒಂದು ಸದ್ದಿನ ಮೈಯಿಂದ ಇನ್ನೊಂದು ಸದ್ದು ಸುರಿಯಿತು. ಒಂದೇ ಬೆರಳಿನ ಕೆಲಸ ಎಂದು ಯಾರೂ ಹೇಳಲಾರರು. ಮುಸ್ತಾಕ್ ಬಾಯಿ ತೆರೆದದ್ದು ಮುಚ್ಚಲಿಲ್ಲ.

ಗೋಡೆಯಾಚೆಯಿಂದ ಜೈತೂನಬಿ ಕೂಗಿದಳು: "ಸುಚಿತ್ರವ್ವಾ, ನಿನ್ನ ಮಿಕ್ಸರನ್ಯಾಗ ಚಮಚಾ ಸಿಕ್ಕೈತೇನ ನೋಡಬೇ!"

ಬಹಳ ದಿನಕ್ಕೆ ಚೆನ್ನಾಗಿ ಉಂಡೆ. ಮಲಗುವ ಮುಂದೆ ಬೆರಳು ಸೆಳೆಯತೊಡಗಿತು. ಇರಲಿ.

ಫೆಬ್ರವರಿ 4

ಓಣಿಯಲ್ಲಿ ಬಾರಿಸುವಂತಿಲ್ಲ. ಜೈತೂನಬಿಯ ಮೊಮ್ಮಗು ಬೆಚ್ಚಿ ಬೀಳುತ್ತದೆ. ಅದಕ್ಕೇ ಇವತ್ತು ಬ್ಯಾಡಗಿ. ಸುಚಿತ್ರಾಳ ಅಣ್ಣ ನಾಗಪ್ಪನ ಗೋಡೌನು. ನಾಲ್ಕೂ ಗೋಡೆಗೆ ಮೆಣಸಿನಕಾಯಿ ಚೀಲ, ತಗಡಿನವರೆಗೆ. ಚೀಲಗಳು ಸದ್ದು ನುಂಗುತ್ತವೆ, ಹೊರಗೆ ಬಿಡುವುದಿಲ್ಲ. ಇಂಥ ಖೋಲಿ ಪಟ್ಟಣದ ಸ್ಟುಡಿಯೋದವರಿಗೂ ಇರಲಿಕ್ಕಿಲ್ಲ.

ಆಂಪನ್ನು ಚೀಲದ ಬುಡಕ್ಕೆ ಒತ್ತಿ ಇಟ್ಟೆವು. ತಪ್ಪು ಅಲ್ಲೇ ಆಯಿತು. ಪೆಡಲ್ ತುಳಿದಾಗಲೆಲ್ಲ ಮೇಲಿನ ಚೀಲ ನಡುಗಿ ಖಾರದ ಧೂಳು ಜಾಲರಿಯೊಳಗೆ ಇಳಿಯುತ್ತಿತ್ತು. ಕೆಳಗೆ ಕೆಂಪಗೆ ಕಾದ ವಾಲ್ವು. ಬ್ಯಾಡಗಿ ಕಾಯಿಗೆ ಬಣ್ಣ ಬಹಳ, ಖಾರ ಕಡಿಮೆ ಅನ್ನುತ್ತಾರೆ. ಅನ್ನುವವರು ವಾಲ್ವಿನ ಮೇಲೆ ಹುರಿದು ನೋಡಿಲ್ಲ.

ಎರಡನೆಯ ಹಾಡಿಗೆ ಘಾಟು ಎದ್ದಿತು. ಮೊದಲು ಮುಸ್ತಾಕ್ ಓಡಿದ. ಹಿಂದೆ ಹಮಾಲರು. ಕಡೆಗೆ ನಾನು, ಕೊರಳಲ್ಲಿ ಗಿಟಾರು, ಮೂಗಿನಲ್ಲಿ ಗಂಗಾಭವಾನಿ. ಹಮಾಲರ ಹಿರಿಯ ಇಸಾಕಸಾಬ ಟವೆಲ್ಲಿನಿಂದ ಕಣ್ಣೊರೆಸಿಕೊಳ್ಳುತ್ತ ಕೇಳಿದ:

"ಏನ್ರೀ ಮಾಸ್ತರ, ಹಾಡಿಗೆ ಒಗ್ಗರಣಿ ಹಾಕೀರೇನು?"

ನಾಗಪ್ಪ ಕೆಮ್ಮುತ್ತಲೇ ಬೈದ: "ಲೇ ಮಾವಾ, ವ್ಯಾಪಾರಸ್ತರು ಬರೂ ಹೊತ್ತು. ಮಾಲಿಗೆ ಬೆಂಕಿ ಬಿದ್ದೈತಿ ಅಂತ ಸುದ್ದಿ ಆದ್ರ ಏನ್ ಮಾಡ್ಲಿ? ಆರಸು ಮೊದಲ!"

ಎಲ್ಲರೂ ನಕ್ಕರು. ನಾನೂ ನಕ್ಕೆ. ತಿರುಗಿ ಬರುವಾಗ ಬಸ್ಸಿನಲ್ಲಿ ಕಿಟಕಿಯ ಸರಳು ಹಿಡಿದಿದ್ದೆ. ಇಳಿಯುವಾಗ ತೋರುಬೆರಳು ಸರಳಿನ ಆಕಾರದಲ್ಲೇ ಉಳಿಯಿತು. ಬಲಗೈಯಿಂದ ಬಿಡಿಸಬೇಕಾಯಿತು.

ಬಸ್ಸಿನ ಅಲುಗಾಟಕ್ಕೆ ಹಾಗಾಗಿರಬಹುದು.

ಫೆಬ್ರವರಿ 20

ಗುಡದಪ್ಪಣ್ಣ ಮುಸ್ತಾಕನ ಅಂಗಡಿಗೇ ಬಂದು ನಾನು ಬಾರಿಸಿದ್ದು ಕೇಳಿದರು. ಕಣ್ಣು ಮುಚ್ಚಿ ಕೂತರು. ಹಾರ್ಮೋನಿಯಂ ಕಾಲದ ಮನುಷ್ಯ. ಎಲೆ ಅಡಿಕೆ ದವಡೆಯಲ್ಲಿ ಅಲ್ಲಾಡದೆ ನಿಂತಿತ್ತು.

"ತಮ್ಮಾ, ಗುಡುಗು ಚಲೋ ಐತಿ. ಮಳಿ ಎಲ್ಲಿ?"

"ಮಳಿ ಈ ಕೈಯಾಗ ಬರೂದಿಲ್ರಿ ಅಣ್ಣಾರ."

ಎದ್ದು ಹೊರಗೆ ಉಗುಳಿ ಬಂದರು.

"ಎರಡು ಹಾಡು ಕೊಡ್ತೇನಿ. ಮಾರ್ಚ್ ಒಂಬತ್ತಕ್ಕ ಹಾವೇರ್ಯಾಗ ರಿಸೆಪ್ಷನ್ ಐತಿ. ಮಂದಿ ಕುಣದ್ರ ಜಾಗಾ ನಿಂದು. ಕುಣೀಲಿಲ್ಲಂದ್ರ ನನಗ ಬೈಬ್ಯಾಡಪಾ. ಕೀಬೋರ್ಡ್ ಹುಡುಗ ಗಿಟಾರನೂ ತಾನ ಬಾರಸ್ತೇನಿ ಅಂತ ಕುಂತಾನ."

ಎರಡು ಹಾಡು. ಸಾಕು. ಎರಡು ಬೆರಳಿಗೆ ಎರಡು ಹಾಡು.

ಮಾರ್ಚ್ 2

ಕಟ್ಟೆಯ ಮೇಲೆ ಅಂಗೈ ಊರಿದೆ. ತೋರುಬೆರಳಿನ ಕೆಳಗೆ ಬೆಂಕಿಕಡ್ಡಿ ನುಸುಳಿತು.

ಒತ್ತಿದರೆ ಹಾಸುತ್ತದೆ. ಒತ್ತಿಯೇ ಬಾರಿಸುತ್ತಿದ್ದೇನೆ.

ಮಾರ್ಚ್ 10

ನಿನ್ನೆಯದು ಬರೆಯಬೇಕು.

ಕಲ್ಯಾಣಮಂಟಪ ತುಂಬಿತ್ತು. ನಾಲ್ಕು ಗಂಟೆಗೇ ಹೋಗಿ ಆಂಪು ಇಟ್ಟೆ. ಮಂದಿ ಸೇರುವ ಮೊದಲೇ ಕಾಯಲಿ ಎಂದು ಸ್ವಿಚ್ ಹಾಕಿಟ್ಟೆ. ಟ್ರಯಲ್ ನೋಡಿದಾಗ ಬಡಿಸುವ ಹುಡುಗರು ಬಕೆಟ್ ಇಳಿಸಿ ನೋಡಿದರು. ಮುಸ್ತಾಕ್ ಮಿಕ್ಸರಿನ ಹಿಂದಿನಿಂದ ಹೆಬ್ಬೆರಳು ಎತ್ತಿ ತೋರಿಸಿದ. ತೋರುಬೆರಳೂ ಮಾತು ಕೇಳುತ್ತಿತ್ತು.

ಗುಡದಪ್ಪಣ್ಣನ ಪದ್ಧತಿ ಒಂದಿದೆ. ಕಾರ್ಯಕ್ರಮದ ಮೊದಲು ವಾದ್ಯಗಳಿಗೆ ಪೂಜೆ. ತಬಲಾಕ್ಕೆ ಕುಂಕುಮ, ಕೀಬೋರ್ಡಿಗೆ ಕುಂಕುಮ, ಮೈಕಿನ ಕೊರಳಿಗೂ ಮಾಲೆ. ಕಾಯಿ ಒಡೆದು ಅದರ ನೀರನ್ನು ಎಲ್ಲ ವಾದ್ಯಕ್ಕೂ ಚಿಮುಕಿಸುತ್ತಾರೆ. ಇಷ್ಟು ವರ್ಷ ನನ್ನ ಗಿಟಾರಿಗೂ ಚಿಮುಕಿಸಿದ್ದಾರೆ. ಅದಕ್ಕೇ ಯಾರಿಗೂ ತಡೆಯಬೇಕು ಅನಿಸಲಿಲ್ಲ. ನನಗೂ. ಕೈ ಮುಗಿದು ನಿಂತಿದ್ದೆ.

ಹೊಸ ಸಾಮಾನು ಎಂದು ಆಂಪಿಗೆ ಮೂರು ಸಲ ಚಿಮುಕಿಸಿದರು. ಪ್ರೀತಿಯಿಂದಲೇ. ಜಾಲರಿಯ ಮೇಲೆ.

ಟಿಕ್ ಅಂದಿತು.

ಕಾದ ಕಂದೀಲಿನ ಗಾಜಿಗೆ ನೀರು ಹನಿಸಿದರೆ ಏನಾಗುತ್ತದೆ ಎಂದು ಹಳ್ಳಿಯಲ್ಲಿ ಬೆಳೆದ ನನಗೆ ಹೇಳಿಕೊಡಬೇಕೆ? ಬಗ್ಗಿ ನೋಡಿದೆ. ವಾಲ್ವಿನ ನೆತ್ತಿಯಲ್ಲಿ ಕನ್ನಡಿಯಂಥ ಹೊಳಪಿತ್ತು. ಬಿರುಕಿನಿಂದ ಗಾಳಿ ಹೊಕ್ಕು, ನೋಡುತ್ತಿದ್ದಂತೆ ಹಾಲು ಚೆಲ್ಲಿದ ಹಾಗೆ ಬೆಳ್ಳಗಾಯಿತು. ಕೆಂಪು ಆರಿತು. ಸದ್ದು ಸತ್ತಿತು.

ಮುಸ್ತಾಕ್ ಪೆಡಲನ್ನು ನೇರ ಮಿಕ್ಸರಿಗೆ ಸಿಕ್ಕಿಸಿದ. ತಗಡಿನ ಡಬ್ಬಿಯಲ್ಲಿ ಕಣಜದ ಹುಳ ಸಿಕ್ಕಿದಂತೆ ಕೇಳಿತು. ಮೊದಲ ಹಾಡು ಅರ್ಧಕ್ಕೆ ಬರುವಷ್ಟರಲ್ಲಿ ಮುಂದಿನ ಸಾಲಿನ ಹೆಂಗಸರು ಕಿವಿ ಮುಚ್ಚಿದರು. ಯಾರೋ ಕೂಗಿದರು: "ಏ, ಸೊಳ್ಳಿ ಓಡಸ್ರೋ!" ಗುಡದಪ್ಪಣ್ಣ ಕಣ್ಣಿನಲ್ಲೇ ಸನ್ನೆ ಮಾಡಿದರು. ಕೀಬೋರ್ಡಿನವನು ಒಂದು ಗುಂಡಿ ಒತ್ತಿದ. ಗಿಟಾರು ಬಂತು. ಮಳೆ ಗುಡುಗು ಎರಡೂ.

ಮಂದಿ ಕುಣಿದರು.

ಮಾರ್ಚ್ 13

ಗುಡದಪ್ಪಣ್ಣ ಮನೆಗೇ ಬಂದಿದ್ದರು. ಚಾ ಮುಟ್ಟಲಿಲ್ಲ.

"ನನ್ನ ಕೈಲೆ ಆತಪಾ. ದೇವರಿಗೆ ಅಂತ ಮಾಡಿದ್ದು ನಿನ್ನ ಹೊಟ್ಟಿ ಮ್ಯಾಲ ಬಂತು."

"ಬಿಡ್ರಿ ಅಣ್ಣಾರ, ನಿಮಗೇನ ಗೊತ್ತು."

"ಹಂಗಲ್ಲ. ಮಾತು ಮಾತ. ಆ ಗಾಜಿನ ಬಲ್ಬು ಹೊಸಾದು ಬರ್ಲಿ, ಮತ್ತ ಎರಡು ಹಾಡು ಕೊಡ್ತೇನಿ. ಬಲ್ಬು ಬರೂ ತನಕ ನಿನ್ನ ಜಾಗಾ ಹಂಗ ಇರತೈತಿ. ಆ ಹುಡುಗಗೂ ಹೇಳೇನಿ."

ಸುಚಿತ್ರಾ ಬಾಗಿಲ ಹಿಂದೆ ನಿಂತು ಕೇಳಿದಳು. ಅವರು ಹೋದಮೇಲೆ ಸಿಹಿ ಸಜ್ಜಕ ಮಾಡಿದಳು.

ಏಪ್ರಿಲ್ 6

ವಾಲ್ವು ಬಂದಿಲ್ಲ. ಒಂದು ಬಂತು, ಕಾಲುಗಳು ಹೊಂದಲಿಲ್ಲ, ಬೇರೆ ನಮೂನೆ. ಮುಸ್ತಾಕ್ ತಿರುಗಿ ಕಳಿಸಿ ಬೇರೆ ತರಿಸುತ್ತಿದ್ದಾನೆ. ದಿನಾ ಫೋನ್ ಮಾಡಿ ಯಾರನ್ನೋ ಬೈಯುತ್ತಾನೆ.

ನಾನು ಬೈಯುತ್ತಿಲ್ಲ.

ತೋರುಬೆರಳಿನ ಕೆಳಗೆ ಈಗ ಪೆನ್ಸಿಲ್ ಉರುಳಿ ಆಚೆ ಹೋಗುತ್ತದೆ. ಬಲಗೈಯಿಂದ ಒತ್ತಿದರೂ ಹಾಸುವುದಿಲ್ಲ. ಹಾವೇರಿಗೆ ಹೋಗಿದ್ದೆ. ಡಾಕ್ಟರು ಅತ್ತಿತ್ತ ಎಳೆದು ನೋಡಿದರು.

"ಮತ್ತ ಕೊಯ್ದು ಬಿಡಸಬಹುದು. ಆದ್ರ ಇರೂ ಶಕ್ತಿನೂ ಹೋದ್ರ ನನ್ನ ಕೇಳಬ್ಯಾಡ್ರಿ. ಉಣ್ಣಾಕ, ಗಾಡಿ ಹೊಡ್ಯಾಕ ಏನೂ ತೊಂದ್ರಿ ಇಲ್ಲಲ್ಲ?"

ಇಲ್ಲ ಅಂದೆ. ಗಿಟಾರಿನ ಮಾತು ತೆಗೆಯಲಿಲ್ಲ. ಈ ಸಲ ಅವರು ನೋಡೋಣ ಅನ್ನಲೂ ಇಲ್ಲ.

ಸುಚಿತ್ರಾಳಿಗೆ ಹೇಳಿಲ್ಲ. ಎಣ್ಣೆ ಹಚ್ಚಿ ಬಟ್ಟೆ ಸುತ್ತಿಕೊಂಡಿರಲು ಡಾಕ್ಟರು ಹೇಳಿದ್ದಾರೆ ಅಂದೆ. ಬೆಳಿಗ್ಗೆ ಬೀಜದ ಕಂಪನಿಯ ಕೆಲಸಕ್ಕೆ ಹೋಗುವ ಮೊದಲು ಅವಳೇ ಬಟ್ಟೆ ಒಗೆದು ಒಣಹಾಕುತ್ತಾಳೆ.

ಏಪ್ರಿಲ್ 19

ಬಸ್‌ಸ್ಟ್ಯಾಂಡಿನಲ್ಲಿ ಕೀಬೋರ್ಡ್ ಹುಡುಗ ಸಿಕ್ಕ. "ಯಾವಾಗ ಬರ್ತೈತ್ರಿ ಅಣ್ಣಾ ಬಲ್ಬು?" ವ್ಯಂಗ್ಯ ಇರಲಿಲ್ಲ. ಎರಡು ಕೆಲಸ ಮಾಡಿ ಸುಸ್ತಾಗಿದ್ದಾನೆ ಪಾಪ.

ಊರಿನವರೆಲ್ಲ ಬಲ್ಬಿನ ದಾರಿ ಕಾಯುತ್ತಿದ್ದಾರೆ. ಜೈತೂನಬಿ ಕೂಡ ಕೇಳಿದಳು. ನಾನು ಹೊತ್ತಾರೆ ಎದ್ದು ಮೈಲಾರಲಿಂಗನಿಗೆ ಕೈಮುಗಿದು ಬೇಡಿಕೊಳ್ಳುವುದು ಒಂದೇ: ಇವತ್ತು ಬರದಿರಲಿ. ಬಾರದಿರುವ ತನಕ ನಾನು ಗುಡದಪ್ಪಣ್ಣನ ಗಿಟಾರಿನವನು. ತಪ್ಪು ತೆಂಗಿನಕಾಯಿಯದು.

ಮೇ 3, ಸಂಜೆ

ಬಂತು.

ಮುಸ್ತಾಕ್ ಎದೆಗೆ ಅವಚಿಕೊಂಡು ತಂದ, ಹಸುಗೂಸಿನಂತೆ. ಹತ್ತಿಯಲ್ಲಿ ಸುತ್ತಿತ್ತು. ತಾನೇ ಕೂಡಿಸಿದ. ಕೆಂಪಾಯಿತು. ಎರಡನೆಯ ಸ್ವಿಚ್. ಸ್ಪೀಕರಿನಲ್ಲಿ ಆ ಸಣ್ಣ ಉಸಿರು.

"ಹೊಡೀಲೇ ಮೈಲಾರಿ!"

"ನಾಳಿ ಹೊಡಿತೇನಿ."

"ಎರಡು ತಿಂಗಳು ಆತು ನಾ ಅಲದಾಡಿ. ನಾಳಿ ಅಂತಾನ ನವಾಬಾ! ಬಟ್ಟಿ ಬಿಚ್ಚು."

ಅವನೇ ಬಿಚ್ಚಿದ. ನೋಡಿದ. ಬೆರಳು ಕೊಕ್ಕೆಯಾಗಿತ್ತು. ನಿಧಾನವಾಗಿ ಎಳೆದು ನೋಡಿದ, ಒತ್ತಿ ನೋಡಿದ. ಮೊದಲ ಸಲ ಅವನ ಬಾಯಲ್ಲಿ ತಮಾಷೆ ಬರಲಿಲ್ಲ.

"ಯಾವಾಗಿಂದ?"

"ಹೋದ ತಿಂಗಳು ಡಾಕ್ಟರ ಕಡೆ ಹೋಗೂಕಿಂತ ಮೊದಲಿಂದ."

ಮತ್ತೆ ಬಟ್ಟೆ ಸುತ್ತಿದ. ಚೆನ್ನಾಗಿ ಸುತ್ತಲು ಬರುವುದಿಲ್ಲ ಅವನಿಗೆ. ಅಷ್ಟರಲ್ಲಿ ಫೋನ್. ಗುಡದಪ್ಪಣ್ಣ. ಮುಸ್ತಾಕ್ ನನ್ನ ಮುಖ ನೋಡಿದ. ನಾನು ಅವನ ಮುಖ ನೋಡಿದೆ. ಫೋನ್ ತಾನೇ ಸುಮ್ಮನಾಯಿತು.

ಮೇ 4, ಬೆಳಿಗ್ಗೆ

ಭಾನುವಾರ. ಸುಚಿತ್ರಾ ಮನೆಯಲ್ಲಿದ್ದಾಳೆ, ರೊಟ್ಟಿ ಬಡಿಯುತ್ತಿದ್ದಾಳೆ. ಬಲ್ಬು ಬಂದದ್ದು ಅವಳಿಗೆ ಗೊತ್ತು. ಅಷ್ಟೇ ಗೊತ್ತು.

"ಕೇಳಸ್ರೆಲಾ, ನಿಮ್ಮ ಎಮ್ಮಿ ಸಪ್ಪಳ. ಜೈತೂನಬಿ ಊರಾಗ ಇಲ್ಲ."

ಆಂಪು ಹಚ್ಚಿದೆ. ಕಾದೆ. ಗಿಟಾರು ಕೊರಳಿಗೆ ಹಾಕಿಕೊಂಡೆ. ಎಡಗೈ ಸುಮ್ಮನೆ ಗಿಟಾರಿನ ಕತ್ತಿನ ಕೆಳಗೆ ಹಿಡಿದೆ, ತಂತಿ ಮುಟ್ಟಲಿಲ್ಲ. ದಪ್ಪ ತಂತಿ ಇಳಿಸಿದ್ದರಿಂದ ಆ ಮೂರು ತಂತಿ ಒತ್ತದೆ ಬಿಟ್ಟರೂ ಒಂದು ಸ್ವರಕೂಟ. ಅದಕ್ಕೆ ಬೆರಳು ಬೇಡ. ಪೆಡಲ್ ತುಳಿದು ಬಲಗೈಯಿಂದ ಎಳೆದೆ.

ಏನು ಸದ್ದು! ಹೊಸ ವಾಲ್ವು ಮೊದಲಿನದಕ್ಕಿಂತ ಚೆನ್ನಾಗಿದೆ. ಮನೆ ತುಂಬಿತು. ಒಳಗೆ ರೊಟ್ಟಿ ಬಡಿಯುವುದು ನಿಂತಿತು.

"ಹೂಂ," ಅಂದಳು. ಕಥೆ ಕೇಳುವವರು ಅನ್ನುವ ಹಾಗೆ. "ಮುಂದ?"

ಮತ್ತೆ ಅದನ್ನೇ ಎಳೆದೆ.

"ಅದು ಆತಲ್ರಿ. ಮುಂದಿಂದು ಬಾರಸ್ರಿ."

ಅವಳು ಹಿಟ್ಟಿನ ಕೈಯಲ್ಲೇ ಬಾಗಿಲಿಗೆ ಬಂದು ನಿಂತಳು, ನಗುತ್ತ. ಮುಂದಿನದಕ್ಕೆ ಬೆರಳು ಬೇಕು.