ಉಪ್ಪಿನಡಿಯಿಂದ ಬರುವ ದನಿ

ಮುಂಬೈ

ನಾಟಕದ ರಾತ್ರಿ ಮೈಕು ಕೆಟ್ಟರೂ ಕಬ್ಬೂರಿನ ಕೊನೆಯ ಮನೆಗೆ ದನಿ ಮುಟ್ಟಿಸಿದ ಭೀಮಸೇನಾ, ನನ್ನ ಅಪ್ಪಾ! ನಿಮ್ಮ ಕೋಮಲಳ ಶರಣು.

ಗಂಟಲಿನ ಆಪರೇಷನ್ ಆದಾಗಿನಿಂದ ನೀವು ಫೋನಿಗೇ ಬರುತ್ತಿಲ್ಲ. "ದನಿ ಒಡದೈತಿ, ಮಗಳಿಗೆ ಕೇಳಸೂದ ಬ್ಯಾಡ ಅಂತ ಕೈಸನ್ನಿ ಮಾಡ್ತಾರವಾ. ಭೀಮ ಹೋಗಿ ಮೂಕಬಸವ ಆಗ್ಯಾನ," ಎಂದು ಅವ್ವ ನಕ್ಕಳು, ಆಮೇಲೆ ಅತ್ತಳು. ಮಾತಾಡದಿದ್ದರೆ ಉಳಿದ ದನಿಯೂ ಹೋಗುತ್ತದೆಂದು ಡಾಕ್ಟರು ಹೇಳಿದ್ದಾರಂತೆ.

ನನ್ನ ನೌಕರಿ ಏನೆಂದು ಕೇಳುತ್ತಿದ್ದಿರಲ್ಲ, ಈಗ ಕೇಳಿರಿ! ಸಮುದ್ರದ ತಳದಡಿ ಗುಡ್ಡದಷ್ಟು ಉಪ್ಪಿದೆ. ಅದರ ಕೆಳಗೆ ಎಣ್ಣೆ ಹುಡುಕಲು ಹಡಗಿನವರು ದೊಡ್ಡ ಸದ್ದು ಮಾಡಿ ಮರುದನಿ ಹಿಡಿಯುತ್ತಾರೆ. ಉಪ್ಪಿನೊಳಗೆ ಸದ್ದು ಜೋರಾಗಿ ಓಡುತ್ತದೆ, ದಿಕ್ಕು ಬದಲಿಸುತ್ತದೆ, ಒಡೆದು ಸೊಟ್ಟಗೆ ಮರಳುತ್ತದೆ. ಆ ವೇಗವನ್ನು ಲೆಕ್ಕಹಾಕಿ, ಕೆಳಗಿನ ಬಂಡೆ ಎಷ್ಟು ಆಳದಲ್ಲಿದೆಯೆಂದು ಚಿತ್ರ ಬಿಡಿಸುವವಳು ನಾನು. ಮೊದಲ ಚಿತ್ರ ತಪ್ಪಿಯೇ ಬರುತ್ತದೆ. ತಿದ್ದುತ್ತೇನೆ, ಮತ್ತೆ ತಿದ್ದುತ್ತೇನೆ. ದನಿಯೇ ಬಾರದಿದ್ದರೆ ಮಾತ್ರ ನನ್ನ ಕೈಯಲ್ಲಿ ಏನೂ ಇಲ್ಲ ಅಪ್ಪಾ.

ಶುಕ್ರವಾರ ಸಂಜೆ ಫೋನ್ ಮಾಡುತ್ತೇನೆ. ಬಿಸಿನೀರು ಕುಡಿದು ಕೂತಿರಿ. ಡೈಲಾಗ್ ಬೇಡ. "ಊಟಾ ಆತೇನವಾ?" ಎಂದು ಕೇಳಿದರೆ ಸಾಕು. ನೀವು ಕೇಳುವವರೆಗೆ ನಾನು ಉಣ್ಣುವುದಿಲ್ಲ.

ನಿಮ್ಮ ಮಗಳು
ಕೋಮಲ