ಲೆಟ್ಟಿ ಹಿಂದಿರುಗಿಸದ ಪಾಯಿಂಟು

ಕಿಲ್‌ಬ್ರಾಕನ್,
ಬಾಲಿಶೀನ್ ಅಂಚೆ, ಐರ್ಲೆಂಡ್.
೧೧ ಸೆಪ್ಟೆಂಬರ್ ೧೮೯೭

ಪ್ರೀತಿಯ ಹೊರೇಸ್,

ನಿನ್ನ ಹಲ್ಲುನೋವು ಹೇಗಿದೆ? ಹಿಂದಿನ ಕಾಗದದಲ್ಲಿ ಎಡದವಡೆ ಊದಿಕೊಂಡಿದೆ ಎಂದು ಬರೆದಿದ್ದೆ. ಈ ಸಲದ ಕಾಗದದಲ್ಲಿ ಅದರ ಸುದ್ದಿಯೇ ಇಲ್ಲ. ಅರ್ಜೆಂಟೀನಾದಲ್ಲಿ ಮೂರು ಹೊತ್ತೂ ದನದ ಮಾಂಸವನ್ನೇ ತಿನ್ನುತ್ತೀರಂತೆ, ಹಲ್ಲು ಹೇಗೆ ಉಳಿದೀತು? ಲವಂಗದೆಣ್ಣೆ ಹಚ್ಚು, ಹಟ ಮಾಡಬೇಡ. ಇಲ್ಲಿ ನಾವೆಲ್ಲ ಕ್ಷೇಮ. ಮಳೆ ಬರುತ್ತದೆಂದು ನನ್ನ ಮೊಣಕಾಲು ಒಂದು ದಿನ ಮೊದಲೇ ಹೇಳುತ್ತದೆ, ಆದರೆ ಈ ಊರಿನಲ್ಲಿ ಅದನ್ನು ಯಾರ ಮೊಣಕಾಲು ಬೇಕಾದರೂ ಹೇಳೀತು. ಅಡುಗೆಯ ಬ್ರೈಡಿ ಬೆಳಿಗ್ಗೆಯಿಂದ, "ಚಿಕ್ಕ ಧಣಿ ಅಲ್ಲಿ ಯಾರನ್ನಾದ್ರೂ ಕಟ್ಕೊಂಡ್ರಾ ಕೇಳಿ ಅಮ್ಮಾವ್ರೇ" ಎಂದು ಪೀಡಿಸುತ್ತಿದ್ದಾಳೆ. ಕೇಳಿದ್ದೇನೆ. ಉತ್ತರ ಬರೆಯದಿದ್ದರೆ ಅವಳು ತನ್ನದೇ ಒಂದು ಉತ್ತರ ಮಾಡಿಕೊಂಡು ಊರಿಗೆಲ್ಲ ಹಂಚುತ್ತಾಳೆ.

ಇನ್ನು ನಿನ್ನ ಕಾಗದದ ವಿಷಯ. ನಾಲ್ಕು ಪುಟ ಬರೆದಿದ್ದೀಯೆ. ನಿನ್ನ ತಂಗಿ ಮನೆತನದ ಮಾನ ಕಳೆದಳು ಎಂಬುದು ಬಿಟ್ಟರೆ ಅದರಲ್ಲಿ ಬೇರೇನೂ ಇಲ್ಲ. ಯಾರೋ ಪುಣ್ಯಾತ್ಮರು ಪತ್ರಿಕೆಯ ತುಂಡೊಂದನ್ನು ಕತ್ತರಿಸಿ ಕಳಿಸಿದರಂತೆ, ನೀನು ಓದಿದೆಯಂತೆ, ತಲೆ ತಗ್ಗಿಸಿದೆಯಂತೆ. ಅಷ್ಟಕ್ಕೆ ಸುಮ್ಮನಾಗಿದ್ದರೆ ನಾನೂ ಸುಮ್ಮನಾಗುತ್ತಿದ್ದೆ. ನೀನು ಟೆನಿಸ್ ಕ್ಲಬ್ಬಿನ ಕಾರ್ಯದರ್ಶಿ ಕ್ಯಾಪ್ಟನ್ ವೆರೆಕರ್‌ಗೆ ನೇರವಾಗಿ ಬರೆದುಬಿಟ್ಟಿದ್ದೀಯೆ: ಲೆಟ್ಟಿ ಕ್ಷಮೆ ಕೇಳುತ್ತಾಳೆ, ಮನೆಯ ಹಿರಿಯನಾಗಿ ಮಾತು ಕೊಡುತ್ತೇನೆ ಎಂದು. ನಿಮ್ಮಪ್ಪ ತೀರಿಕೊಂಡ ಮೇಲೆ ಹಿರಿಯ ನೀನೇ, ಇಲ್ಲವೆನ್ನುವುದಿಲ್ಲ. ಆದರೆ ಬದುಕಿರುವ ತಾಯಿಯನ್ನು ಒಂದು ಮಾತು ಕೇಳಬಾರದಿತ್ತೇ? ವೆರೆಕರ್ ಮಂಗಳವಾರ ನಿನ್ನ ಕಾಗದವನ್ನು ಕೈಯಲ್ಲಿ ಹಿಡಿದುಕೊಂಡೇ ಬಂದ. ನನ್ನ ಕೇಕನ್ನು ಮೂರು ತುಂಡು ತಿಂದು, ಮೀಸೆ ಒರೆಸಿಕೊಂಡು ಹೇಳಿದ: "ಅಕ್ಟೋಬರ್ ಕೊನೇ ಗುರುವಾರ ಕಮಿಟಿ ಸೇರುತ್ತೆ ಮೇಡಂ. ಅಷ್ಟರೊಳಗೆ ಮಗಳ ಕೈಯಿಂದ ನಾಲ್ಕು ಸಾಲು ಬರೆಸ್ಕೊಡಿ, ಮುಗೀತು. ಇಲ್ಲಾಂದ್ರೆ ಚಾಂಪಿಯನ್ನರ ಹಲಗೆಯಿಂದ ಈ ವರ್ಷದ ಹೆಸರು ಅಳಿಸ್ಬೇಕಾಗುತ್ತೆ. ಇನ್ಮೇಲೆ ಅವರು ನಮ್ಮಲ್ಲಿ ಆಡೋದೂ ಕಷ್ಟ." ನಾಲ್ಕನೆಯ ತುಂಡು ಕೊಡದೆ ಕಳಿಸಿದೆ.

ನೀನು ಹಡಗು ಹತ್ತಿ ಒಂಬತ್ತು ವರ್ಷವಾಯಿತು. ಗಾಡಿಮನೆಯ ಗೋಡೆಗೆ ಸುಣ್ಣದ ಗೆರೆ ಎಳೆದು ಚೆಂಡು ಬಡಿಯುತ್ತಿದ್ದ ಹದಿನೇಳರ ಹುಡುಗಿಯೇ ನಿನ್ನ ಕಣ್ಣಲ್ಲಿ ಇನ್ನೂ ನಿಂತಿದ್ದಾಳೆಂದು ಕಾಣುತ್ತದೆ. ಆಮೇಲಿನದನ್ನು ನೋಡಿದವಳು ನಾನು. ಮೊದಲ ಸಲ ಬಾಲಿಶೀನ್ ಪಂದ್ಯಕ್ಕೆ ಹೋದಾಗ ಮಳೆಯಲ್ಲಿ ಲಂಗ ನೆನೆದು, ಹೆಜ್ಜೆ ಎತ್ತಲಾಗದೆ, ಮೊದಲ ಸುತ್ತಿನಲ್ಲೇ ಸೋತು ಬಂದಳು. ಅಳಲಿಲ್ಲ. ಕತ್ತರಿ ತೆಗೆದುಕೊಂಡು ಲಂಗದ ಅಂಚನ್ನು ನಾಲ್ಕು ಬೆರಳಗಲ ಕತ್ತರಿಸಿದಳು. ಪಾದ್ರಿಯ ಹೆಂಡತಿ ಚರ್ಚಿನಲ್ಲಿ ನನ್ನನ್ನು ಪಕ್ಕಕ್ಕೆ ಕರೆದು, "ಹುಡುಗಿ ಕಣಕಾಲು ಕಾಣ್ಸುತ್ತಲ್ರೀ" ಎಂದಳು. "ಕಣಕಾಲು ಇದೆ, ಕಾಣ್ಸುತ್ತೆ" ಎಂದೆ. ಗಂಡಸರು ತಲೆಯ ಮೇಲಿಂದ ಸರ್ವ್ ಹೊಡೆಯುವುದನ್ನು ಬೇಲಿಯಾಚೆ ನಿಂತು ನೋಡಿ ಬಂದು, ಒಂದಿಡೀ ಚಳಿಗಾಲ ಹುಲ್ಲಿನ ಕೊಟ್ಟಿಗೆಯಲ್ಲಿ ಅದನ್ನೇ ಸಾಧನೆ ಮಾಡಿದಳು. ಬ್ರೈಡಿಯ ಕೋಳಿಗಳು ಹೆದರಿ ಮೊಟ್ಟೆ ಇಡುವುದನ್ನೇ ನಿಲ್ಲಿಸಿದವು. ಹೆಂಗಸರು ಸೊಂಟದ ಕೆಳಗಿಂದ ಚೆಂಡನ್ನು ಮೆಲ್ಲಗೆ ಎತ್ತಿಕೊಡುತ್ತಿದ್ದ ಕಾಲದಲ್ಲಿ ಇವಳ ಸರ್ವ್ ಹುಲ್ಲಿಗೆ ಬಿದ್ದರೆ ಹೊಗೆ ಏಳುವಂತಿತ್ತು. ಇಪ್ಪತ್ತೊಂದಕ್ಕೆ ಫೈನಲ್‌ವರೆಗೆ ಹೋಗಿ ಸೋತಳು. ಇಪ್ಪತ್ತಮೂರಕ್ಕೆ, ಮುರಿದ ಬೆರಳಿಗೆ ಪಟ್ಟಿ ಸುತ್ತಿಕೊಂಡು, ಚಾಂಪಿಯನ್ ಆದಳು. ಪತ್ರಿಕೆಯವರು ಅವಳ ಟೋಪಿಯ ಮೇಲಿನ ನೀಲಿ ಹೂವಿನ ಬಗ್ಗೆ ಆರು ಸಾಲು ಬರೆದರು, ಆಟದ ಬಗ್ಗೆ ಒಂದು.

ಆಮೇಲೆ ಪ್ರತಿ ಜುಲೈ ಇದೇ ಕತೆ. ಚಾಂಪಿಯನ್ ಆದವರು ಸುತ್ತುಗಳನ್ನು ಆಡುವುದಿಲ್ಲ. ಮಿಕ್ಕವರೆಲ್ಲ ವಾರವಿಡೀ ಬಡಿದಾಡಿ, ಕೊನೆಗೆ ಉಳಿದವರು ಬಂದು ಚಾಂಪಿಯನ್ನಿಗೆ ಸವಾಲು ಹಾಕುತ್ತಾರೆ. ಈ ವರ್ಷ ಸವಾಲು ಹಾಕಿದವಳು ಮಿಸೆಸ್ ಪೆನಿಫಾದರ್. ಒಳ್ಳೆಯ ಆಟಗಾರ್ತಿ, ಒಳ್ಳೆಯ ಹೆಂಗಸೂ ಹೌದು, ಅವಳ ಮೇಲೆ ನನಗೆ ಸಿಟ್ಟಿಲ್ಲ. ಕೊನೆಯ ಸೆಟ್ಟಿನ ಕೊನೆಯ ಘಟ್ಟ, ಇಬ್ಬರೂ ಸಮಸಮ. ಪೆನಿಫಾದರ್ ಹೊಡೆದ ಚೆಂಡು ಹಿಂದಿನ ಗೆರೆಯ ಮೇಲೆ ಬಿತ್ತು, ಸುಣ್ಣ ಹಾರಿದ್ದು ನನಗೇ ಕಂಡಿತು. ಆ ಗೆರೆ ನೋಡಲು ಕೂರಿಸಿದ್ದವನು ವೆರೆಕರ್‌ನ ಭಾವಮೈದ. ಮಧ್ಯಾಹ್ನದ ಸಾಲ್ಮನ್ ಮೀನು ಹೊಟ್ಟೆಯಲ್ಲಿ ಭಾರವಾಗಿ ತೂಕಡಿಸುತ್ತಿದ್ದವನು ಬೆಚ್ಚಿಬಿದ್ದು, "ಔಟ್!" ಎಂದ. ಪಾಯಿಂಟು ಲೆಟ್ಟಿಗೆ ಹೋಯಿತು. ಇನ್ನೊಂದು ಬಂದರೆ ಪಂದ್ಯ ಅವಳದು. ಅಂಪೈರು ತಪ್ಪಿ ನಮ್ಮ ಕಡೆಗೆ ಹೇಳಿದರೆ ಮುಂದಿನ ಚೆಂಡನ್ನು ಬೇಕೆಂದೇ ನೆಟ್ಟಿಗೆ ಹೊಡೆದು ಎದುರಾಳಿಗೆ ಲೆಕ್ಕ ಸರಿಮಾಡಿಕೊಡುವುದು ನಮ್ಮಲ್ಲಿ ಮರ್ಯಾದಸ್ಥರ ರೂಢಿ. ನಿನಗೆ ಗೊತ್ತಿರುವುದೇ. ಇಡೀ ಮೈದಾನ ಅದಕ್ಕಾಗಿ ಕಾಯಿತು, ಚಪ್ಪಾಳೆಗೆ ಕೈಗಳೂ ಮೇಲೆದ್ದಿದ್ದವು. ಲೆಟ್ಟಿ ಚೆಂಡನ್ನು ಮೇಲಕ್ಕೆಸೆದು, ತಲೆಯ ಮೇಲಿಂದ ಮೈಯೆಲ್ಲ ಹಾಕಿ ಹೊಡೆದಳು. ಪೆನಿಫಾದರ್ ಕದಲಲೇ ಇಲ್ಲ. ಪಂದ್ಯ ಮುಗಿಯಿತು. ಒಬ್ಬರೂ ಚಪ್ಪಾಳೆ ತಟ್ಟಲಿಲ್ಲ. ನಾನು ತಟ್ಟಿದೆ. ಕೈಗವಸು ಬಿಚ್ಚಿ ತಟ್ಟಿದೆ, ಸದ್ದು ಚೆನ್ನಾಗಿ ಕೇಳಲಿ ಎಂದು.

ಗಾಡಿಯಲ್ಲಿ ಕೂತ ಮೇಲೆ ಏಕೆ ಹೀಗೆ ಮಾಡಿದೆ ಎಂದು ನಾನು ಕೇಳಲಿಲ್ಲ, ಅವಳೇ ಹೇಳಿದಳು: "ಗೆರೆ ನೋಡೋಕೆ ಒಬ್ಬನ್ನ ಕೂರಿಸಿದಾರಲ್ಲಮ್ಮ, ಅವನ ಕೆಲಸ ಅವನು ಮಾಡ್ಲಿ. ಎಷ್ಟು ವರ್ಷ ಅವರ ತಪ್ಪನ್ನೆಲ್ಲ ನಾನು ಸೋತು ತಿದ್ದೋದು?" ನಾನು ಲೆಕ್ಕ ಹಾಕಿ ನೋಡಿದೆ, ಹೊರೇಸ್. ಈ ನಾಲ್ಕು ಜುಲೈಗಳಲ್ಲಿ ಅವಳು ಹಾಗೆ ಕೊಟ್ಟ ಪಾಯಿಂಟುಗಳು ನನಗೆ ನೆನಪಿರುವಂತೆ ಹನ್ನೊಂದು. ಅವಳಿಗೆ ಯಾರೂ ಒಂದನ್ನೂ ಕೊಟ್ಟದ್ದನ್ನು ನಾನು ಕಂಡಿಲ್ಲ. ಇದೇ ವೆರೆಕರ್ ಹೋದ ವರ್ಷ ಗಂಡಸರ ಪಂದ್ಯದಲ್ಲಿ, ತಾನು ಹೊಡೆದು ಗೇಣು ಹೊರಗೆ ಬಿದ್ದ ಚೆಂಡನ್ನು ಅಂಪೈರು ಒಳಗೆಂದು ಕೊಟ್ಟಾಗ, "ಅಂಪೈರ್ ಹೇಳಿದ ಮೇಲೆ ಮುಗೀತಪ್ಪ" ಎಂದು ನಗುತ್ತಾ ಮುಂದಿನದಕ್ಕೆ ಹೋದ. ಅವನ ಹೆಸರು ಹಲಗೆಯ ಮೇಲೆ ಹೊಳೆಯುತ್ತಿದೆ. ಅವನಿಗೆ ಅದು ಆಟ, ನನ್ನ ಮಗಳಿಗೆ ಮಾತ್ರ ಅದು ನಡತೆ. ನನಗೆ ಹೊಟ್ಟೆ ಉರಿಯುತ್ತದೆ, ಉರಿಯುತ್ತದೆ ಎಂದೇ ಬರೆಯುತ್ತಿದ್ದೇನೆ.

ವೆರೆಕರ್‌ಗೆ ಅವಳು ಬಗ್ಗಲಿಲ್ಲ, ಪಾದ್ರಿಗೂ ಬಗ್ಗಲಿಲ್ಲ. ಎರಡು ತಿಂಗಳು ಊರು ಮೂಗು ಮುರಿದರೂ ತುಟಿಪಿಟಕ್ಕೆನ್ನಲಿಲ್ಲ. ಆದರೆ ನಿನ್ನ ಕಾಗದ ಓದಿದ ಮೇಲೆ ಕುಸಿದು ಕೂತಳು. "ಅಣ್ಣ ಮಾತು ಕೊಟ್ಬಿಟ್ಟಿದಾನೆ. ಅವನ ಮಾತು ಸುಳ್ಳಾಗ್ಬಾರ್ದಲ್ಲಮ್ಮ" ಎಂದು ಮೇಜಿಗೆ ಹೋಗಿ, ಶಾಯಿ ಅದ್ದಿ, 'ಮಾನ್ಯ ಕಮಿಟಿಯವರಿಗೆ' ಎಂದು ಬರೆದಳು. ನಾನು ಆ ಹಾಳೆಯನ್ನು ಎಳೆದುಕೊಂಡು ಬ್ರೈಡಿಗೆ ಕೊಟ್ಟೆ. ಅವಳು ಓದು ಬಾರದವಳಾದರೂ ವಿಷಯ ತಿಳಿದವಳು, "ಒಲೆ ಚೆನ್ನಾಗಿ ಹತ್ಕೊಳ್ತು ಅಮ್ಮಾವ್ರೇ" ಎಂದು ಬಂದು ವರದಿ ಒಪ್ಪಿಸಿದಳು. ಲೆಟ್ಟಿ ಮತ್ತೆ ಬರೆಯುತ್ತಾಳೆ, ನನಗೆ ಗೊತ್ತು. ನಿನ್ನ ಮಾತಿಗಾಗಿ ಬರೆದೇ ಬರೆಯುತ್ತಾಳೆ. ಎಷ್ಟು ಹಾಳೆಯನ್ನೆಂದು ನಾನು ಒಲೆಗೆ ಹಾಕಲಿ?

ಆದ್ದರಿಂದ ಕೇಳು. ಈ ಕಾಗದ ಅಕ್ಟೋಬರ್ ನಡುವಿನ ಹೊತ್ತಿಗೆ ನಿನ್ನ ಕೈಸೇರುತ್ತದೆ. ನೀನು ವೆರೆಕರ್‌ಗೆ ತಂತಿ ಹೊಡೆಯಬೇಕು, ಕೊಟ್ಟ ಮಾತನ್ನು ಹಿಂತೆಗೆದುಕೊಂಡಿದ್ದೇನೆ ಎಂದು. ಮಿಕ್ಕದ್ದನ್ನು ನಾನು ನೋಡಿಕೊಳ್ಳುತ್ತೇನೆ. ಆ ಕೊನೆಯ ಗುರುವಾರ ಕಮಿಟಿಯ ಕೋಣೆಗೆ ನಾನೇ ಹೋಗುತ್ತೇನೆ. ಹೆಂಗಸರು ಆ ಕೋಣೆಗೆ ಹೋದದ್ದಿಲ್ಲವಂತೆ, ಹೋಗಿಯೇ ನೋಡೋಣ. ಹೆಸರು ಅಳಿಸಿದರೆ ಅಳಿಸಲಿ, ಮುಂದಿನ ಜುಲೈಗೆ ಡಬ್ಲಿನ್ನಿನಲ್ಲಿ ಆಡುತ್ತಾಳೆ, ಜೊತೆಗೆ ನಾನಿರುತ್ತೇನೆ. ಕ್ಷಮೆಯ ಕಾಗದ ಮಾತ್ರ ಈ ಮನೆಯಿಂದ ಹೋಗುವುದಿಲ್ಲ. ನಿನ್ನ ಮೇಲೆ ಸಿಟ್ಟು ಬಂದಿದೆ, ಪ್ರೀತಿ ಎಲ್ಲಿಗೂ ಹೋಗಿಲ್ಲ. ಹಲ್ಲನ್ನು ಡಾಕ್ಟರಿಗೆ ತೋರಿಸು, ರಾತ್ರಿ ಕತ್ತಿಗೆ ಉಣ್ಣೆ ಸುತ್ತಿಕೊಂಡು ಮಲಗು. ದೇವರು ನಿನ್ನನ್ನು ಆ ದೂರದೇಶದಲ್ಲಿ ಕಾಯುತ್ತಿರಲಿ.

ನಿನ್ನ ತಾಯಿ,
ಕ್ಯಾರಲೈನ್

ಮತ್ತೆ: ಬ್ರೈಡಿ ಅಂಚೆಗೆ ಹೋಗಲು ಶಾಲು ಹೊದ್ದು ಬಾಗಿಲಲ್ಲಿ ನಿಂತಿದ್ದಾಳೆ, ಇದನ್ನು ಬರೆಯದೆ ಲಕೋಟೆ ಅಂಟಿಸಲು ನನ್ನಿಂದಾಗುತ್ತಿಲ್ಲ. ನೀನು ಹೊರಡುವ ಹಿಂದಿನ ತಿಂಗಳು, ಪಾದ್ರಿಯ ತೋಟದ ಪಂದ್ಯದಲ್ಲಿ ಲೆಟ್ಟಿಯನ್ನು ಸೋಲಿಸಿ ಒಂದು ಬೆಳ್ಳಿ ಲೋಟ ಗೆದ್ದೆಯಲ್ಲ. ಕೊನೆಯ ಸೆಟ್ಟಿನಲ್ಲಿ ಅವಳು ಮುಂದಿದ್ದಳು, ನಿನ್ನ ಮುಖ ಕೆಂಪಾಗಿತ್ತು. ಪಾನಕ ಕೊಡುವ ನೆಪದಲ್ಲಿ ಹೋಗಿ ನಾನೇ ಅವಳ ಕಿವಿಯಲ್ಲಿ, "ಅಣ್ಣ ದೂರ ಹೋಗ್ತಿದಾನೆ ಕಣೇ, ಗೆದ್ಕೊಂಡು ಹೋಗ್ಲಿ ಬಿಡು" ಎಂದೆ. ಅವಳು ಪಾನಕದ ಲೋಟವನ್ನು ನನ್ನ ಕೈಗಿಟ್ಟು ಹೋಗಿ, ಚೆಂಡಿನ ಮೇಲೆ ಚೆಂಡನ್ನು ನೆಟ್ಟಿಗೆ ಹೊಡೆದಳು. ಮನೆಯವರೆಗೆ ದಾರಿಯುದ್ದಕ್ಕೂ ನೀನು ಅವಳಿಗೆ ಆಟದ ಪಾಠ ಹೇಳಿದೆ, ಅವಳು ಹೂಂಗುಟ್ಟಿದಳು. ಇಂದಿನವರೆಗೂ ಯಾರಿಗೂ ಹೇಳಿಲ್ಲ, ನನ್ನ ಮುಂದೆಯೂ ಎತ್ತಿಲ್ಲ. ಅದು ನಿನ್ನ ತಪ್ಪಲ್ಲ, ನನ್ನದು. ಅದೇ ತಪ್ಪನ್ನು ಎರಡನೆಯ ಸಲ ಮಾಡಲಾರೆ. ತಂತಿ ಕಳಿಸು, ಮಗನೇ.